ಬೂದಿ ಮುಚ್ಚಿದ ಕೆಂಡ: ಬೇಸಿಗೆಯ ಬಾರ್ಬೆಕ್ಯೂ ಮುಗಿದ ಮೇಲೂ ಇರಲಿ ಎಚ್ಚರ

ಶಿವರಾತ್ರಿ ಕಳೆದರೆ ಚಳಿ 'ಶಿವ ಶಿವ' ಎನ್ನುತ್ತಾ ಹೊರಟುಹೋಗುತ್ತದೆ ಎಂಬುದು ನಮ್ಮಲ್ಲಿ ರೂಢಿಯ ಮಾತು. ಅದರ ಬೆನ್ನಿಗೇ ಯುಗಾದಿ, ಪರೀಕ್ಷೆಗಳ ಮುಕ್ತಾಯ, ಮಕ್ಕಳ ಬೇಸಿಗೆ ರಜೆ. ಹಗಲಿನ ಸೆಕೆಗೆ ಬಳಲಿದ ನಗರವಾಸಿಗಳು ಸಂಜೆಯಾಗುತ್ತಲೇ ಮನೆಯ ತಾರಸಿ ಏರುತ್ತಾರೆ. ವಾರಾಂತ್ಯ ಬಂತೆಂದರೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂಸ್ಟೇಗಳತ್ತ ಕಾರುಗಳ ಸಾಲು ಹೊರಡುತ್ತದೆ. ತಾರಸಿಯಲ್ಲಿ ಇದ್ದಿಲಿನ ಗ್ರಿಲ್, ತೋಟದ ಅಂಗಳದಲ್ಲಿ ಕ್ಯಾಂಪ್ ಫೈರ್. ಹತ್ತಿಪ್ಪತ್ತು ವರ್ಷಗಳ ಹಿಂದೆ ಹೋಟೆಲುಗಳಿಗೆ ಸೀಮಿತವಾಗಿದ್ದ ಬಾರ್ಬೆಕ್ಯೂ ಇಂದು ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ.

ಬೆಂಕಿಯ ಸುತ್ತ ಕೂತು ಉಣ್ಣುವ ಸಂತೋಷ ಮನುಷ್ಯನಷ್ಟೇ ಹಳೆಯದು. ಅದನ್ನು ಬೇಡವೆನ್ನಲು ಯಾವ ಕಾರಣವೂ ಇಲ್ಲ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಜ್ವಾಲೆ ಎದ್ದು ಉರಿಯುವಾಗ ಎಲ್ಲರ ಕಣ್ಣೂ ಅದರ ಮೇಲಿರುತ್ತದೆ; ಮಕ್ಕಳನ್ನು ದೂರ ಸರಿಸುತ್ತೇವೆ, ಸೆರಗು ಬಿಗಿದುಕೊಳ್ಳುತ್ತೇವೆ. ಊಟ ಮುಗಿದು ಉರಿ ಇಳಿದ ಮೇಲೆ ಆ ಎಚ್ಚರವೂ ಇಳಿದುಹೋಗುತ್ತದೆ. ಎಷ್ಟೋ ಅನಾಹುತಗಳು ಹುಟ್ಟುವುದು ಆ ಹೊತ್ತಿನಲ್ಲಿಯೇ. 'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಗಟ್ಟನ್ನು ನಾವು ರಾಜಕೀಯ ವರದಿಗಳಲ್ಲಿ ಓದಿ ಓದಿ ಸವೆಸಿದ್ದೇವೆ. ಬೇಸಿಗೆಯ ತಾರಸಿಯಲ್ಲಿ ಅದಕ್ಕೆ ಮೂಲದ ಅರ್ಥವೇ ಇದೆ.

ಕೆಂಡದ ಗುಣ

ಕಟ್ಟಿಗೆ ಉರಿಯುವಾಗ ಕಾಣುವ ಜ್ವಾಲೆ ವಾಸ್ತವದಲ್ಲಿ ಕಟ್ಟಿಗೆಯಿಂದ ಹೊರಬರುವ ಅನಿಲಗಳ ಉರಿ. ಇದ್ದಿಲು ತಯಾರಿಸುವಾಗ ಈ ಅನಿಲಗಳ ಬಹುಪಾಲು ಮೊದಲೇ ಹೊರಟುಹೋಗಿ ಇಂಗಾಲ ಉಳಿದಿರುತ್ತದೆ. ಆದ್ದರಿಂದ ಇದ್ದಿಲು ಹೆಚ್ಚು ಜ್ವಾಲೆಯಾಗಲಿ ಹೊಗೆಯಾಗಲಿ ಇಲ್ಲದೆ ಒಳಗೊಳಗೇ ಉರಿಯುತ್ತದೆ. ನಿಗಿನಿಗಿ ಕೆಂಡದ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲ್ಮೈ ಉರಿದಂತೆಲ್ಲ ಬಿಳಿಯ ಬೂದಿ ಅದನ್ನು ಆವರಿಸುತ್ತದೆ. ಬೂದಿ ಶಾಖವನ್ನು ಸುಲಭವಾಗಿ ಹೊರಬಿಡುವುದಿಲ್ಲ; ಗಾಳಿಯನ್ನೂ ಪೂರ್ತಿ ತಡೆಯುವುದಿಲ್ಲ. ಒಳಗಿನ ಕೆಂಡ ಅಲ್ಪಸ್ವಲ್ಪ ಆಮ್ಲಜನಕದಲ್ಲಿಯೇ ಗಂಟೆಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಇದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಗಳನ್ನು ಒಂದೆಡೆ ಗುಡ್ಡೆ ಮಾಡಿ ಬೂದಿ ಎಳೆದು ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಎದ್ದು ಬೂದಿ ಸರಿಸಿ, ಊದುಗೊಳವೆಯಿಂದ ನಾಲ್ಕು ಬಾರಿ ಊದಿದರೆ ಕೆಂಡ ಕೆಂಪೇರುತ್ತಿತ್ತು. ಕಡ್ಡಿ ಗೀರುವ ಅಗತ್ಯವೇ ಇರಲಿಲ್ಲ. ಬೆಂಕಿಯನ್ನು ಉಳಿಸಿಕೊಳ್ಳಲು ಅವರು ಬಳಸುತ್ತಿದ್ದ ಉಪಾಯವನ್ನೇ ಇಂದು ನಾವು ಬೆಂಕಿ ಆರಿಸುವ ವಿಧಾನವೆಂದು ತಪ್ಪಾಗಿ ತಿಳಿದಿದ್ದೇವೆ. ಕೆಂಡದ ಮೇಲೆ ಬೂದಿ ಅಥವಾ ಮಣ್ಣು ಎಳೆದು ಮಲಗಲು ಹೋದವರು ಬೆಂಕಿಯನ್ನು ಆರಿಸಿರುವುದಿಲ್ಲ, ನಾಳೆಗಾಗಿ ಕಾಪಿಟ್ಟಿರುತ್ತಾರೆ.

ಗ್ರಿಲ್ ಎಲ್ಲಿಡಬೇಕು?

ಅಮೆರಿಕದಲ್ಲಿ ಮನೆಯ ಹಿತ್ತಲಿನ ಗ್ರಿಲ್ ಬಹುಕಾಲದ ಸಂಪ್ರದಾಯ. ಜುಲೈ 4ರ ಸ್ವಾತಂತ್ರ್ಯ ದಿನಾಚರಣೆಗೆ ಅಲ್ಲಿನ ಕನ್ನಡಿಗರ ಮನೆಗಳಲ್ಲೂ ಗ್ರಿಲ್ ಹೊರಬರುತ್ತದೆ. ಅಲ್ಲಿನ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ (ಎನ್‌ಎಫ್‌ಪಿಎ) ಅಂಕಿ ಅಂಶಗಳ ಪ್ರಕಾರ ಗ್ರಿಲ್‌ಗಳಿಂದ ಹುಟ್ಟುವ ಬೆಂಕಿ ಪ್ರಕರಣಗಳು ವರ್ಷಕ್ಕೆ ಸರಾಸರಿ 10 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಅತಿ ಹೆಚ್ಚು ನಡೆಯುವುದು ಜುಲೈ ತಿಂಗಳಿನಲ್ಲಿ. ಗ್ರಿಲ್ ಸ್ವಚ್ಛಗೊಳಿಸದಿರುವುದು, ಉರಿಯುತ್ತಿರುವಾಗ ಬಿಟ್ಟುಹೋಗುವುದು, ಸುಡುವ ವಸ್ತುಗಳ ಪಕ್ಕದಲ್ಲಿಡುವುದು, ಅನಿಲ ಸೋರಿಕೆ ಇವು ಅಲ್ಲಿ ಗುರುತಿಸಲಾದ ಪ್ರಮುಖ ಕಾರಣಗಳು. ಗೋಡೆ, ಮಾಡು, ಬೇಲಿಗಳಿಂದ ಕನಿಷ್ಠ 10 ಅಡಿ ದೂರದಲ್ಲಿ ಗ್ರಿಲ್ ಇಡಬೇಕೆಂಬುದು ಅಲ್ಲಿನ ತಜ್ಞರ ಸಲಹೆ.

ಹಿತ್ತಲೇ ಇಲ್ಲದ ನಮ್ಮ ನಗರಗಳಲ್ಲಿ ಈ 10 ಅಡಿಯ ಲೆಕ್ಕ ಬಾಲ್ಕನಿಯನ್ನು ತಾನಾಗಿಯೇ ಹೊರಗಿಡುತ್ತದೆ. ಅಪಾರ್ಟ್‌ಮೆಂಟಿನ ಬಾಲ್ಕನಿ ನಾಲ್ಕೈದು ಅಡಿ ಅಗಲವಿದ್ದರೆ ಹೆಚ್ಚು. ಅಲ್ಲಿಯೇ ಒಣಗಲು ಹರವಿದ ಬಟ್ಟೆ, ಎ.ಸಿ.ಯ ಹೊರಘಟಕ, ಪ್ಲಾಸ್ಟಿಕ್ ಕುರ್ಚಿ, ಪಾರಿವಾಳ ತಡೆಯುವ ನೈಲಾನ್ ಬಲೆ. ಮೇಲಿನ ಮನೆಯ ಬಾಲ್ಕನಿಯೇ ಚಾವಣಿ. ಒಂದು ಕಿಡಿಗೆ ಇಷ್ಟು ಸಾಕು. ಬಾಲ್ಕನಿಯಲ್ಲಿ ಇದ್ದಿಲು ಗ್ರಿಲ್ ಹಚ್ಚಲೇಕೂಡದು.

ತಾರಸಿ ಇದಕ್ಕಿಂತ ಮೇಲು, ಆದರೆ ಅದೂ ಬರಿದಾದ ಜಾಗವಲ್ಲ. ಪ್ಲಾಸ್ಟಿಕ್ ನೀರಿನ ತೊಟ್ಟಿ, ಸೋಲಾರ್ ಹೀಟರಿನ ಕೊಳವೆಗಳು, ಕೇಬಲ್ ತಂತಿಗಳು, ಕೈತೋಟಕ್ಕೆ ಕಟ್ಟಿದ ಹಸಿರು ನೆರಳುಬಲೆ, ಮೂಲೆಗೆ ಒಟ್ಟಿದ ಹಳೆಯ ಹಾಸಿಗೆ, ರಟ್ಟಿನ ಪೆಟ್ಟಿಗೆ ಎಲ್ಲವೂ ಅಲ್ಲಿರುತ್ತವೆ. ಮೊದಲು ಅಲ್ಲಿನ ಸಾಮಾನು ತೆರವುಗೊಳಿಸಿ ಆಮೇಲೆ ಇದ್ದಿಲು ತುಂಬಬೇಕು. ಕಾಲುಗಳಿರುವ ಗ್ರಿಲ್ಲನ್ನು ಸಮತಟ್ಟಾದ ಜಾಗದಲ್ಲಿಡಬೇಕು. ಕಾಂಕ್ರೀಟಿನ ಮೇಲೆ ನೇರವಾಗಿ ಬೆಂಕಿ ಹಾಕುವುದು ಸಲ್ಲದು. ತೀವ್ರ ಶಾಖಕ್ಕೆ ಒಳಗಿನ ತೇವ ಆವಿಯಾಗಿ ಕಾಂಕ್ರೀಟಿನ ಚೂರುಗಳು ಸಿಡಿಯಬಹುದು.

ಗಾಳಿಯನ್ನು ಲಘುವಾಗಿ ಪರಿಗಣಿಸುವಂತಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ದಿನವಿಡೀ ಕಾದ ನೆಲದ ಮೇಲೆ ಸಂಜೆಗೆ ಮೋಡ ಕಟ್ಟುವುದು, ಮಳೆಗೆ ಮುನ್ನ ಬಿರುಗಾಳಿ ಬೀಸುವುದು ದಕ್ಷಿಣ ಒಳನಾಡಿನ ವಾಡಿಕೆ. ನಿಶ್ಚಲವಾಗಿದ್ದ ಗಾಳಿ ಐದೇ ನಿಮಿಷದಲ್ಲಿ ಕಿಡಿಗಳನ್ನು ಪಕ್ಕದ ಮನೆಯ ತಾರಸಿಗೆ ಒಯ್ಯಬಲ್ಲದು.

ಹಾರುವ ಕಿಡಿ ಏನು ಮಾಡಬಲ್ಲದು ಎಂಬುದಕ್ಕೆ ಮುಂಬೈಯ ಕಮಲಾ ಮಿಲ್ಸ್ ಆವರಣದ ದುರಂತಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. 2017ರ ಡಿಸೆಂಬರ್ 29ರ ಮಧ್ಯರಾತ್ರಿ ಅಲ್ಲಿನ ಎರಡು ಮೇಲ್ಛಾವಣಿ ರೆಸ್ಟೋರೆಂಟುಗಳನ್ನು ಆವರಿಸಿದ ಬೆಂಕಿಗೆ 14 ಮಂದಿ ಬಲಿಯಾದರು. ಹುಕ್ಕಾಕ್ಕಾಗಿ ಬಳಸುತ್ತಿದ್ದ ಇದ್ದಿಲಿನ ಕಿಡಿಗಳು ಹಾರಿ ಪರದೆಗೆ ತಗುಲಿದ್ದೇ ಕಾರಣವೆಂದು ಮುಂಬೈ ಅಗ್ನಿಶಾಮಕ ದಳದ ವರದಿ ಹೇಳಿತ್ತು. ಅದು ವಾಣಿಜ್ಯ ಸಂಸ್ಥೆ, ನಮ್ಮದು ಮನೆ ಎಂಬ ಸಮಾಧಾನ ಬೇಡ. ಕಿಡಿಗೆ ಈ ವ್ಯತ್ಯಾಸ ತಿಳಿಯದು.

ಹಚ್ಚುವಾಗ ಆತುರ ಬೇಡ

ಇದ್ದಿಲು ಹೊತ್ತಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅತಿಥಿಗಳು ಕಾಯುತ್ತಿದ್ದಾರೆ ಎಂಬ ಆತುರಕ್ಕೆ ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಸುರಿಯುವ ಪರಿಪಾಠ ಅತ್ಯಂತ ಅಪಾಯಕಾರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲಿ ಹರಡಿಕೊಂಡಿರುತ್ತದೆ; ಕಡ್ಡಿ ಗೀರಿದೊಡನೆ ಹಚ್ಚಿದವನ ಕಾಲಬುಡದಲ್ಲಿಯೇ ಬೆಂಕಿ ಏಳುತ್ತದೆ. ಕೋವಿಡ್ ಕಾಲದಿಂದ ಮನೆಮನೆಯಲ್ಲೂ ಇರುವ ಸ್ಯಾನಿಟೈಸರನ್ನು ಇದಕ್ಕೆ ಬಳಸುವವರೂ ಇದ್ದಾರೆ. ಆಲ್ಕೋಹಾಲಿನ ಜ್ವಾಲೆ ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿದೆಯೆಂದು ಭಾವಿಸಿ ಮತ್ತೆ ಸುರಿದರೆ ಬೆಂಕಿ ಧಾರೆಯನ್ನೇ ಹಿಡಿದು ಬಾಟಲಿಗೆ ಏರುತ್ತದೆ. ಒಣಗಿದ ತೆಂಗಿನ ನಾರು, ಕಾಗದದ ಸುರುಳಿ, ಸಣ್ಣ ಸೌದೆಯ ಸೀಳು, ಒಂದು ಬೀಸಣಿಗೆ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಅನಿಲದ ಗ್ರಿಲ್ ಬಳಸುವವರ ಎಚ್ಚರ ಬೇರೆ ಬಗೆಯದು. ಎಲ್‌ಪಿಜಿಯೂ ಗಾಳಿಗಿಂತ ಭಾರವಾದುದರಿಂದ ಸೋರಿದರೆ ತಗ್ಗಿನಲ್ಲಿ ಶೇಖರವಾಗುತ್ತದೆ. ಪ್ರತಿ ಬಾರಿ ಜೋಡಿಸಿದ ಮೇಲೂ ರೆಗ್ಯುಲೇಟರ್ ಮತ್ತು ಕೊಳವೆಯ ಸಂದುಗಳಿಗೆ ಸಾಬೂನಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿಯಿಂದ ಪರೀಕ್ಷಿಸುವುದು ಎಂದಿಗೂ ಕೂಡದು. ಮುಚ್ಚಳ ಇರುವ ಗ್ರಿಲ್ಲನ್ನು ಮುಚ್ಚಳ ತೆರೆದ ನಂತರವೇ ಹಚ್ಚಬೇಕು. ಇಲ್ಲವಾದರೆ ಒಳಗೆ ತುಂಬಿಕೊಂಡ ಅನಿಲ ಒಮ್ಮೆಲೇ ಸ್ಫೋಟಿಸುತ್ತದೆ. ಹಿಂದಿನ ಬಾರಿಯ ಕೊಬ್ಬು, ಎಣ್ಣೆಯ ಜಿಡ್ಡು ತಟ್ಟೆಯಲ್ಲಿ ಉಳಿದಿದ್ದರೆ ಅದೇ ಇಂಧನವಾಗುತ್ತದೆ. ಜಿಡ್ಡಿಗೆ ಬೆಂಕಿ ತಗುಲಿದಾಗ ನೀರು ಎರಚಬಾರದು. ನೀರು ತಕ್ಷಣ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಚಿಮ್ಮಿಸುತ್ತದೆ. ಅನಿಲ ನಿಲ್ಲಿಸಿ, ಮುಚ್ಚಳ ಹಾಕಿ, ಗಾಳಿ ತಪ್ಪಿಸಬೇಕು.

ಮಳೆ ಬಂತೆಂದು ಒಳಗೆ ತಂದರೆ

ಬೇಸಿಗೆ ಮಳೆ ಹೇಳಿ ಕೇಳಿ ಬರುವುದಿಲ್ಲ. ಅರ್ಧ ಬೆಂದ ಮಾಂಸ, ಕೆಂಪೇರಿದ ಇದ್ದಿಲು, ಮೇಲೆ ದಪ್ಪ ಹನಿ. ಆಗ ಸಹಜವಾಗಿ ತೋಚುವ ಉಪಾಯವೆಂದರೆ ಗ್ರಿಲ್ಲನ್ನು ಮೆಟ್ಟಿಲ ಕೋಣೆಗೋ ಕಾರು ನಿಲ್ಲಿಸುವ ಶೆಡ್ಡಿಗೋ ಎಳೆದುಕೊಳ್ಳುವುದು. ಇಲ್ಲಿ ಎದುರಾಗುವ ಅಪಾಯ ಬೆಂಕಿಯದಲ್ಲ, ಗಾಳಿಯದು.

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ನಂತರ ಮಂಪರು, ಆಮೇಲೆ ಪ್ರಜ್ಞಾಹೀನತೆ. ನಿದ್ರೆಯಲ್ಲಿದ್ದವರಿಗೆ ಈ ಮುನ್ಸೂಚನೆಗಳೂ ತಿಳಿಯುವುದಿಲ್ಲ. ಮದ್ಯ ಸೇವಿಸಿದವರು ಇವನ್ನು ಮದ್ಯದ ಪರಿಣಾಮವೆಂದೇ ಎಣಿಸುತ್ತಾರೆ.

ಗಮನಿಸಬೇಕಾದ ವಿಷಯವೆಂದರೆ, ಹೊಗೆ ನಿಂತು ಬೂದಿ ಕಟ್ಟಿದ ಕೆಂಡದಿಂದಲೂ ಈ ಅನಿಲ ಹೊರಬರುತ್ತಲೇ ಇರುತ್ತದೆ. 'ಹೊಗೆಯಿಲ್ಲವಲ್ಲ, ಇನ್ನೇನು ಭಯ' ಎಂದು ಬೆಟ್ಟದ ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಡೇರೆಯೊಳಕ್ಕೆ ಅಥವಾ ಮಲಗುವ ಕೋಣೆಗೆ ಒಯ್ಯುವುದು ಮೃತ್ಯುವಿಗೆ ಕರೆ ಕೊಟ್ಟಂತೆ. ಮುಚ್ಚಿದ ಕೋಣೆಯಲ್ಲಿ ಈ ಅನಿಲ ಎಂಥ ಘಾತುಕ ಎಂಬುದನ್ನು 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ನಡೆದ ಘಟನೆ ತೋರಿಸಿತು. ಕೇರಳದಿಂದ ಪ್ರವಾಸ ಹೋಗಿದ್ದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ರೆಸಾರ್ಟಿನ ಒಂದೇ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. ಯಾರೂ ಉಳಿಯಲಿಲ್ಲ. ಅಲ್ಲಿದ್ದುದು ಗ್ಯಾಸ್ ಹೀಟರ್. ಇದ್ದಿಲಿನ ಕೆಂಡ ಅದಕ್ಕಿಂತ ಕಡಿಮೆ ಅಪಾಯಕಾರಿಯಲ್ಲ.

ಮಳೆ ಬಂದರೆ ಗ್ರಿಲ್ಲಿನ ಮುಚ್ಚಳ ಹಾಕಿ ಅಲ್ಲಿಯೇ ಬಿಡಬೇಕು. ಉಳಿದ ಅಡುಗೆಯನ್ನು ಒಳಗಿನ ಒಲೆಯ ಮೇಲೆ ಮುಗಿಸಿದರಾಯಿತು. ಯಾರಿಗಾದರೂ ತಲೆಸುತ್ತು, ಮಂಪರು ಕಂಡುಬಂದರೆ ತಡಮಾಡದೆ ಬಯಲಿಗೆ ಕರೆತಂದು ಆಸ್ಪತ್ರೆಗೆ ಸಾಗಿಸಬೇಕು. ಆಮ್ಲಜನಕ ನೀಡುವುದೇ ಅದಕ್ಕೆ ಚಿಕಿತ್ಸೆ.

ತೋಟ, ಕಾಡಂಚು, ಕಡಲತೀರ

ನಗರದ ತಾರಸಿಯಲ್ಲಿ ಅಪಾಯ ಒಂದು ಕಟ್ಟಡಕ್ಕೆ. ಮಲೆನಾಡಿನ ಹೋಂಸ್ಟೇ ಅಂಗಳದಲ್ಲಿ ಅದು ಇಡೀ ಬೆಟ್ಟಕ್ಕೆ. ಫೆಬ್ರುವರಿಯಿಂದ ಮೇ ತಿಂಗಳ ತನಕ ರಾಜ್ಯದಲ್ಲಿ ಕಾಡ್ಗಿಚ್ಚಿನ ಕಾಲ. ಎಲೆ ಉದುರಿಸುವ ಕಾಡುಗಳಲ್ಲಿ ನೆಲದ ತುಂಬ ತರಗೆಲೆ, ಒಣಹುಲ್ಲು, ಬಿದಿರು, ಲಂಟಾನ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿ ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಭಾರತೀಯ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿಯಬೇಕಾಯಿತು. ಆ ಬೆಂಕಿಗೆ ಪ್ರವಾಸಿಗರ ಕ್ಯಾಂಪ್ ಫೈರ್ ಕಾರಣವೆಂದು ಹೇಳಿದವರಿಲ್ಲ. ಆದರೆ ಒಣಗಿದ ನೆಲದಲ್ಲಿ ಬೆಂಕಿ ಎಷ್ಟು ಬೇಗ ಮನುಷ್ಯರ ಕೈಮೀರುತ್ತದೆ ಎಂಬುದನ್ನು ರಾಜ್ಯ ಅಂದು ಕಣ್ಣಾರೆ ಕಂಡಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ಮಾತ್ರ ನಿಷೇಧಿಸಿಲ್ಲ. ಉರಿಯುತ್ತಿರುವ ಬೆಂಕಿಯನ್ನು ಹಾಗೆಯೇ ಬಿಟ್ಟುಹೋಗುವುದನ್ನೂ ನಿಷೇಧಿಸಿದೆ. ಹಚ್ಚುವವನ ಹೊಣೆ ಆರಿಸುವವರೆಗೂ ಇದೆ ಎಂಬುದನ್ನು ಕಾನೂನೇ ಹೇಳಿದಂತಾಯಿತು.

ಕಾಡಿನ ಹೊರಗಿನ ಖಾಸಗಿ ತೋಟದಲ್ಲಿ ಕ್ಯಾಂಪ್ ಫೈರ್ ಹಾಕುವುದಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ನೆಲದ ತರಗೆಲೆಯನ್ನು ಸುತ್ತ ಹತ್ತಡಿಯವರೆಗೆ ಗುಡಿಸಿ ಮಣ್ಣು ಕಾಣುವಂತೆ ಮಾಡಬೇಕು. ಮರದ ಬುಡದಲ್ಲಿ, ಬೇರುಗಳ ಮೇಲೆ ಬೆಂಕಿ ಹಾಕಕೂಡದು. ಒಣಬೇರು ನೆಲದೊಳಗೇ ಹೊಗೆಯಾಡುತ್ತಾ ಹೋಗಿ ದಿನಗಳ ನಂತರ ಬೇರೆಲ್ಲೋ ತಲೆಯೆತ್ತಬಹುದು. ಮೇಲೆ ಬಾಗಿದ ಕೊಂಬೆಗಳಿರಬಾರದು. ಗುಂಡಿಯ ಸುತ್ತ ಕಲ್ಲು ಜೋಡಿಸುವವರು ಹಳ್ಳದ ಕಲ್ಲುಗಳನ್ನು ತರಬಾರದು. ನೀರಿನಲ್ಲಿದ್ದ ಕಲ್ಲಿನ ಸಂದುಗಳಲ್ಲಿ ತೇವ ಉಳಿದಿರುತ್ತದೆ. ಶಾಖಕ್ಕೆ ಅದು ಆವಿಯಾಗಿ ಕಲ್ಲು ಸಿಡಿಯುತ್ತದೆ.

ಕಡಲತೀರದಲ್ಲಿ ಕಾಡಿಲ್ಲ, ಕಟ್ಟಡವಿಲ್ಲ, ಸುತ್ತಲೂ ಮರಳು, ಎದುರಿಗೆ ನೀರು. ಆದರೂ ಅಪಾಯ ತಪ್ಪಿದ್ದಲ್ಲ. ಎದ್ದು ಹೋಗುವಾಗ ಕೆಂಡದ ಮೇಲೆ ಮರಳು ಎಳೆದು ಹೋಗುವುದು ಸಾಮಾನ್ಯ ರೂಢಿ. ಮರಳಿನಡಿ ಕೆಂಡ ರಾತ್ರಿಯಿಡೀ ಬಿಸಿಯಾಗಿರುತ್ತದೆ. ಮರುದಿನ ಬೆಳಿಗ್ಗೆ ಬರಿಗಾಲಿನಲ್ಲಿ ಓಡಿಬರುವ ಮಗುವಿಗೆ ಅಲ್ಲಿ ಬೆಂಕಿ ಇತ್ತೆಂಬ ಗುರುತೂ ಕಾಣುವುದಿಲ್ಲ. ಕಾಲಿಟ್ಟ ಮಗು ಗಾಬರಿಯಿಂದ ಅಲ್ಲಿಯೇ ನಿಂತುಬಿಡುತ್ತದೆ, ಇಲ್ಲವೇ ಕೈಯೂರಿ ಬೀಳುತ್ತದೆ. ಪುಟ್ಟ ಅಂಗಾಲಿನ ಸುಟ್ಟ ಗಾಯಕ್ಕೆ ಕೆಲವೊಮ್ಮೆ ಚರ್ಮ ಕಸಿಯೇ ಬೇಕಾಗಬಹುದು.

ಆರಿಸುವ ಕ್ರಮ

ಕ್ಯಾಂಪ್ ಫೈರ್ ಆರಿಸಲು ನೀರೊಂದೇ ಸರಿಯಾದ ಮಾರ್ಗ. ಕೆಂಡದ ಮೇಲೆ ನಿಧಾನವಾಗಿ ನೀರು ಸುರಿಯಬೇಕು. 'ಚುಂಯ್' ಎಂಬ ಸದ್ದು ನಿಂತ ಮೇಲೆ ಉದ್ದನೆಯ ಕೋಲಿನಿಂದ ಬೂದಿಯನ್ನು ಬುಡದವರೆಗೆ ಕೆದಕಬೇಕು. ಒಳಗಿನ ಕೆಂಡ ಹೊರಬಂದಾಗ ಮತ್ತೆ ನೀರು. ಕೊನೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಸಮೀಪ ಹಿಡಿದು ನೋಡಬೇಕು. ಬೆಚ್ಚಗಿದ್ದರೆ ಬೆಂಕಿ ಇನ್ನೂ ಇದೆ ಎಂದೇ ಅರ್ಥ. ಸುರಿಯುವಾಗ ಏಳುವ ಬಿಸಿ ಆವಿ ಮುಖಕ್ಕೆ ತಾಗದಂತೆ ಗಾಳಿಗೆ ಬೆನ್ನುಹಾಕಿ ನಿಲ್ಲಬೇಕು.

ಲೋಹದ ಗ್ರಿಲ್‌ಗೆ ಕ್ರಮ ಬೇರೆ. ಕಾದ ಲೋಹಕ್ಕೆ ನೀರು ಸುರಿದರೆ ಆವಿ ರಭಸದಿಂದ ಚಿಮ್ಮುತ್ತದೆ, ತಗಡು ಸೊಟ್ಟಗಾಗುತ್ತದೆ. ಮುಚ್ಚಳ ಹಾಕಿ, ಗಾಳಿಯ ಕಿಂಡಿಗಳನ್ನೆಲ್ಲ ಮುಚ್ಚಿ, ರಾತ್ರಿಯಿಡೀ ಹೊರಗೇ ಬಿಡಬೇಕು. ಮುಚ್ಚಳವಿಲ್ಲದ ಗ್ರಿಲ್ ಆದರೆ ಇಕ್ಕಳದಿಂದ ಕೆಂಡಗಳನ್ನು ಒಂದೊಂದಾಗಿ ಎತ್ತಿ ನೀರು ತುಂಬಿದ ಕಬ್ಬಿಣದ ಬಕೆಟ್ಟಿಗೆ ಹಾಕಬೇಕು. ಪ್ಲಾಸ್ಟಿಕ್ ಬಕೆಟ್ ಇದಕ್ಕೆ ಒದಗದು. ನೀರು ಸೋಕದೆ ತಾನಾಗಿ ಆರಿದ ಬೂದಿಯನ್ನು ಎರಡು ದಿನ ಕಳೆಯುವವರೆಗೆ ಮುಟ್ಟದಿರುವುದು ಲೇಸು.

ಇದರಲ್ಲಿ ನಮ್ಮ ಮನೆಯಾಚೆಗಿನವರ ಹಿತವೂ ಅಡಗಿದೆ. ರಾತ್ರಿಯ ಬೂದಿಯನ್ನು ಪಾಲಿಥಿನ್ ಚೀಲದಲ್ಲಿ ಕಟ್ಟಿ ಬೆಳಗಿನ ಕಸದ ಆಟೋಗೆ ಕೊಟ್ಟರೆ, ಅದರೊಳಗೆ ಉಳಿದ ಒಂದು ಕೆಂಡ ಕಾಗದ, ಪ್ಲಾಸ್ಟಿಕ್ಕಿನ ರಾಶಿಯ ನಡುವೆ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಕಸವನ್ನು ಕೈಯಿಂದ ವಿಂಗಡಿಸುವವರು ಪೌರಕಾರ್ಮಿಕರು. ಅನೇಕರ ಕೈಯಲ್ಲಿ ಗವಸೂ ಇರುವುದಿಲ್ಲ. ನಮ್ಮ ಸಂತೋಷಕೂಟದ ಬೆಲೆಯನ್ನು ಅವರು ತೆರುವಂತಾಗಬಾರದು.

ಸುಟ್ಟಾಗ ಮಾಡಬೇಕಾದುದು

ಮೈಗೆ ಬೆಂಕಿ ಹೊತ್ತಿಕೊಂಡರೆ ಓಡಕೂಡದು. ನಿಂತಲ್ಲೇ ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಭಾಗಕ್ಕೆ ನಲ್ಲಿಯ ತಣ್ಣೀರನ್ನು 20 ನಿಮಿಷ ಹರಿಸುವುದೇ ಉತ್ತಮ ಪ್ರಥಮ ಚಿಕಿತ್ಸೆ. ಊದಿಕೊಳ್ಳುವ ಮೊದಲೇ ಉಂಗುರ, ಬಳೆ ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಬೆಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಕೂಡದು. ಇವು ಗಾಯವನ್ನು ಹೆಚ್ಚಿಸುತ್ತವೆ ಅಥವಾ ವೈದ್ಯರಿಗೆ ಗಾಯದ ಆಳ ಕಾಣದಂತೆ ಮಾಡುತ್ತವೆ. ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಹೋಗಬೇಕು. ಮುಖ, ಕೈ, ಕೀಲುಗಳ ಗಾಯವಾದರೆ, ಅಥವಾ ಗಾಯಗೊಂಡಿರುವುದು ಮಗುವಾದರೆ, ಗಾಯ ಚಿಕ್ಕದೆಂದು ಉದಾಸೀನ ಮಾಡುವಂತಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆಂದೇ ಪ್ರತ್ಯೇಕ ವಿಭಾಗವಿದೆ.

ನೆನಪಿನಲ್ಲಿರಲಿ

* ಹಚ್ಚುವ ಮುನ್ನವೇ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಮರಳು ಜಿಡ್ಡಿನ ಬೆಂಕಿಯನ್ನು ಅದುಮಲು. ಕೆಂಡ ಮುಚ್ಚಿಡಲು ಅಲ್ಲ.
* ಗ್ರಿಲ್ ಅಥವಾ ಬೆಂಕಿಯ ಸುತ್ತ ಮಕ್ಕಳು ದಾಟದಂತೆ ಒಂದು ಗೆರೆ ಎಳೆಯಿರಿ.
* ತೂಗಾಡುವ ದುಪಟ್ಟಾ, ಸಿಂಥೆಟಿಕ್ ಉಡುಪು ಬೇಡ. ಹತ್ತಿಯ ಬಟ್ಟೆ ಲೇಸು.
* ಬೆಂಕಿಯ ಹೊಣೆ ಹೊತ್ತವರು ಅಂದು ಮದ್ಯದಿಂದ ದೂರವಿರಲಿ. ಕೊನೆಯಲ್ಲಿ ಮಲಗಲು ಹೋಗುವವರೂ ಅವರೇ ಆಗಿರಲಿ.
* ಕೆಂಡ ಇರುವವರೆಗೆ ಗ್ರಿಲ್ ಮನೆಯೊಳಗೆ, ಡೇರೆಯೊಳಗೆ, ಕಾರಿನೊಳಗೆ ಬರಕೂಡದು.
* ಅಗ್ನಿಶಾಮಕ ದಳಕ್ಕೆ 101, ಯಾವುದೇ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಎಲ್‌ಪಿಜಿ ಸೋರಿಕೆಗೆ 1906.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಊಟದ ನಂತರದ ಅರ್ಧ ಗಂಟೆ ಮತ್ತು ಎರಡು ಬಕೆಟ್ ನೀರು ಸಾಕು. ಅತಿಥಿಗಳನ್ನು ಬೀಳ್ಕೊಟ್ಟ ಮೇಲೆ ಇನ್ನೊಮ್ಮೆ ತಾರಸಿಗೆ ಹೋಗಿ, ಬೂದಿಯ ಮೇಲೆ ಕೈ ಹಿಡಿದು ನೋಡಿ, ಆಮೇಲೆ ದೀಪ ಆರಿಸಿ.